ಮುಂಬಯಿಯ ವಿಹಾರಸ್ಥಳಗಳೂ ಸರಕಾರದ ಇಲಾಖೆಗಳೂ

ಸಮುದ್ರತೀರವನ್ನು ಬಿಟ್ಟರೆ ಮುಂಬಯಿಯ ಗೃಹಸ್ಥನು ರಜೆಯ ದಿನ ಮಡದಿ ಮಕ್ಕಳೊಡನೆ ಬುತ್ತಿ ಕಟ್ಟಿಕೊಂಡು ಹೋಗತಕ್ಕ ಸ್ಥಳಗಳು ಬಹಳವೇನೂ ಇಲ್ಲ. ಮಲಬಾರ್ ಹಿಲ್ಲಿನ ಹ್ಯಾಂಗಿಂಗ್ ಗಾರ್ಡನ್ನು, ಅದರ ಎದುರಿಗಿರುವ ಬೂಟಿನ ಮನೆ, ಬೈಕುಲಾದ ರಾಣಿಬಾಗು, ಗೋರೆಗಾಂವಿನ ಆರೇ ಕಾಲೊನಿ, ಬೋರಿವಲಿಯ ನ್ಯಾಶನಲ್ ಪಾರ್ಕು, ಅದರ ಒಡಲಲ್ಲಿರುವ ಕಾನ್ಹೇರಿಯ ಗುಹೆಗಳು, ಬಂದರಿನಾಚೆಯ ಗುಹೆಗಳ ದ್ವೀಪವಾದ ಘಾರಾಪುರಿ ಎಂದು ಎಣಿಸುವಷ್ಟರಲ್ಲಿ ಪಟ್ಟಿಯು ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ. ಆದರೆ ಇವುಗಳ ಪೂರ್ವವೃತ್ತಾಂತವನ್ನು ಒಂದೊಂದಾಗಿ ವಿಚಾರಿಸುತ್ತ ಹೋದವನಿಗೆ, ಇಂದು ಸಹಸ್ರಾವಧಿ ಜನರ ಕಣ್ಮನಗಳನ್ನು ತಣಿಸುತ್ತಿರುವ ಈ ತಾಣಗಳ ಪೈಕಿ ಪ್ರವಾಸಿಗಳಿಗಾಗಿಯೇ ಹುಟ್ಟಿದ್ದು ಒಂದೋ ಎರಡೋ ಮಾತ್ರವೆಂದೂ, ಉಳಿದವುಗಳಲ್ಲಿ ಕೆಲವು ನೀರು ಸರಬರಾಜಿನ ಇಂಜಿನಿಯರನೂ, ಒಂದು ಹಾಲಿನ ಕಮಿಶನರನೂ, ಮತ್ತೊಂದು ಅರಣ್ಯಾಧಿಕಾರಿಯೂ ತಂತಮ್ಮ ಕಚೇರಿಯ ಬೇರೆಯೇ ಕರ್ತವ್ಯವನ್ನು ನೆರವೇರಿಸುತ್ತಿರುವಾಗ ಆನುಷಂಗಿಕವಾಗಿ ನಾಡಿಗೆ ದೊರೆತವೆಂದೂ ಮನವರಿಕೆಯಾಗುತ್ತದೆ. ಈ ನಗರದಲ್ಲಿ ರಮ್ಯತೆಯನ್ನು ಉಳಿಸಿದ್ದು ಉಪಯುಕ್ತತೆ. ಉಪಯೋಗ ತಪ್ಪಿದ ಕಡೆಗಳಲ್ಲೆಲ್ಲ ರಮ್ಯತೆಯೂ ತಪ್ಪುತ್ತ ಬಂದಿದೆ. ಈ ಮಾತನ್ನು ಇತಿಹಾಸದ ಕ್ರಮದಲ್ಲಿಯೇ ನೋಡಬಹುದಾಗಿದೆ.

ಮೊದಲು ಹೇಳಬೇಕಾದದ್ದು ಕಾನ್ಹೇರಿಯ ಸಂಗತಿ. ಬೋರಿವಲಿಯ ಪೂರ್ವಕ್ಕೆ, ಕಾಡಿನ ನಡುವೆ, ಕರಿಯ ಶಿಲೆಯ ಬೆಟ್ಟವೊಂದನ್ನು ಕೊರೆದು ಬೌದ್ಧಭಿಕ್ಷುಗಳಿಗಾಗಿ ಮಾಡಿದ ನೂರಕ್ಕೂ ಮೀರಿದ ಗುಹೆಗಳ ಈ ಸಮೂಹವನ್ನು ಶಾಸನಗಳು ಕೃಷ್ಣಗಿರಿಯೆಂದು ಕರೆಯುತ್ತವೆ. ಕ್ರಿಸ್ತಪೂರ್ವದ ಕೊನೆಯ ಶತಮಾನದಿಂದ ಮೊದಲಾಗಿ ಸುಮಾರು ಸಾವಿರ ವರ್ಷಗಳ ಕಾಲ ಇಲ್ಲಿ ಭಿಕ್ಷುಗಳ ವಾಸ ನಡೆದಿತ್ತು. ಕನ್ನಡಿಗನಾದವನು ಇಲ್ಲಿ ವಿಶೇಷವಾಗಿ ಲಕ್ಷಿಸಬೇಕಾದವು ಒಂಬತ್ತನೆಯ ಶತಮಾನದ ಮೂರು ಶಾಸನಗಳು. 843ರಿಂದ 877ರ ಅವಧಿಯೊಳಗೆ ಬರೆಸಲ್ಪಟ್ಟ ಇವು, ಮಾನ್ಯಖೇಟದ ಸಿಂಹಾಸನದಲ್ಲಿದ್ದ ರಾಷ್ಟ್ರಕೂಟ ಅಮೋಘವರ್ಷನನ್ನು, ಎಂದರೆ ಕವಿರಾಜಮಾರ್ಗದ ನೃಪತುಂಗನನ್ನೇ, ಸಾರ್ವಭೌಮನೆಂದು ಸ್ಮರಿಸಿ, ಅವನ ಕೈಕೆಳಗೆ ಕೊಂಕಣವನ್ನಾಳುತ್ತಿದ್ದ ಶಿಲಾಹಾರ ಪುಲ್ಲಶಕ್ತಿ ಮತ್ತು ಅವನ ಮಗ ಕಪರ್ದಿ ಇವರ ಕಾಲದಲ್ಲಿ ವಿಹಾರಕ್ಕೆ ಸಂದ ದಾನಗಳನ್ನು ದಾಖಲಿಸುತ್ತವೆ. ಆ ದಾನಗಳ ಸ್ವರೂಪವಾದರೂ ಎಂಥದು! ಹಣವನ್ನು ಒಮ್ಮೆಗೇ ಸುರಿದು ಪುಣ್ಯವನ್ನು ಕೊಂಡೊಯ್ಯುವ ಪರಿ ಅಲ್ಲಿಲ್ಲ. ಮೂಲಧನವನ್ನು ಮುಟ್ಟದೆ ಅದರ ಉತ್ಪನ್ನದಿಂದ ವಿಹಾರದ ಜೀರ್ಣೋದ್ಧಾರಕ್ಕೆ ಇಷ್ಟು, ಭಿಕ್ಷುಗಳ ಚೀವರಕ್ಕೆ ಇಷ್ಟು, ಪುಸ್ತಕಗಳಿಗೆ ಇಷ್ಟು ಎಂದು ದ್ರಮ್ಮಗಳನ್ನು ವಿಂಗಡಿಸಿಟ್ಟ ವ್ಯವಸ್ಥೆ ಅದು. ಮುಂಬಯಿಯ ಸುತ್ತಮುತ್ತಣ ಒಂದು ರಮ್ಯಸ್ಥಳದ ಪಾಲನೆಗಾಗಿ ಆಯವ್ಯಯ ಪತ್ರವನ್ನು ಸಿದ್ಧಪಡಿಸಿದ ಪ್ರಯತ್ನಗಳಲ್ಲಿ ಇದು ಅತ್ಯಂತ ಪುರಾತನವಾದವುಗಳಲ್ಲೊಂದು ಎಂದರೆ ತಪ್ಪಾಗಲಾರದು.

ಕಾನ್ಹೇರಿಯಲ್ಲಿ ಶಾಸನಗಳಷ್ಟೇ ಮಾತನಾಡುವ ವಸ್ತು ಇನ್ನೊಂದುಂಟು, ಅದು ನೀರಿನ ಏರ್ಪಾಡು. ಚೈತ್ಯಗೃಹದ ಮೊಗಸಾಲೆಯಲ್ಲಿ ಎತ್ತರವಾಗಿ ನಿಂತಿರುವ ಬುದ್ಧಮೂರ್ತಿಗಳನ್ನು ನೋಡಿ ಹಿಂದಿರುಗುವ ಪ್ರೇಕ್ಷಕನು ತುಸು ತಾಳ್ಮೆಯಿಂದ ಮೇಲಣ ಗುಹೆಗಳತ್ತ ಮೆಟ್ಟಿಲೇರಿ, ಗುಹೆಗಳ ಬಾಗಿಲ ಬದಿಯನ್ನು ಪರೀಕ್ಷಿಸಿದರೆ, ಬಂಡೆಯಲ್ಲಿಯೇ ತೋಡಿದ ಚೌಕನೆಯ ಬಾಯಿಯ ತೊಟ್ಟಿಗಳು ಕಾಣಿಸುತ್ತವೆ. ತಲೆಯ ಮೇಲಣ ಬಂಡೆಯ ಇಳಿಜಾರಿನಲ್ಲಿ ಕಿರಿದಾದ ಕಾಲುವೆಗಳನ್ನು ಕೊರೆದು, ಮಳೆಗಾಲದಲ್ಲಿ ಸುರಿದು ವ್ಯರ್ಥವಾಗಿ ಹೋಗಬಹುದಾದ ನೀರನ್ನು ಅತ್ತಿತ್ತ ಹರಿಯಗೊಡದೆ ಈ ತೊಟ್ಟಿಗಳಿಗೇ ತಿರುಗಿಸಲಾಗಿದೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ಕೂಡಿಸಿದ್ದನ್ನು ಉಳಿದ ಎಂಟು ತಿಂಗಳು ಕುಡಿಯತಕ್ಕ ಈ ಉಪಾಯವಿಲ್ಲದಿದ್ದರೆ ಅಷ್ಟು ದೊಡ್ಡ ಭಿಕ್ಷುಸಂಘವು ಆ ಬೋಳುಬಂಡೆಯ ಮೇಲೆ ನೆಲೆಯೂರುವುದು ಸಾಧ್ಯವೇ ಇರಲಿಲ್ಲ.

ಭಿಕ್ಷುಗಳ ಕಾಲ ಮುಗಿಯುತ್ತ ಬಂದಂತೆ ಕಾನ್ಹೇರಿಗೆ ಬೇರೊಂದು ಬಗೆಯ ಜನರು ಬರಲಾರಂಭಿಸಿದರು. 1009 ಮತ್ತು 1021ನೆಯ ವರ್ಷಗಳಲ್ಲಿ ಇಲ್ಲಿಗೆ ಬಂದ ಪಾರಸಿ ಯಾತ್ರಿಕರ ಕೆಲವು ತಂಡಗಳು ತಮ್ಮ ಹೆಸರುಗಳನ್ನೂ ತಾವು ಬಂದ ತಿಥಿಯನ್ನೂ ಪಹ್ಲವಿ ಲಿಪಿಯಲ್ಲಿ ಗುಹೆಯೊಂದರ ಗೋಡೆಯ ಮೇಲೆ ಕೊರೆದು ಹೋಗಿವೆ. ಅವರು ಪೂಜೆಗೆ ಬಂದವರಲ್ಲ, ದಾನವನ್ನೂ ಕೊಟ್ಟವರಲ್ಲ. ನೋಡಲು ಬಂದವರು, ನೋಡಿದೆವೆಂದು ಬರೆದವರು. ಇಂದಿನ ಪ್ರವಾಸಿಯು ಗೋಡೆಯ ಮೇಲೆ ಹೆಸರು ಗೀಚಿದರೆ ಪುರಾತತ್ತ್ವ ಇಲಾಖೆಯವರು ದಂಡ ವಿಧಿಸುತ್ತಾರೆ. ಆ ಪಾರಸಿಗಳ ಗೀಚುಬರಹವನ್ನು ಅದೇ ಇಲಾಖೆಯವರು ಅಮೂಲ್ಯ ದಾಖಲೆಯೆಂದು ಕಾಪಾಡುತ್ತಾರೆ. ಕಾಲಪುರುಷನ ವಿನೋದಗಳಲ್ಲಿ ಇದೂ ಒಂದು.

ಅಲ್ಲಿಂದ ಎಂಟು ಶತಮಾನಗಳನ್ನು ದಾಟಿ ಬಂದರೆ ಇದೇ ಬೆಟ್ಟಸಾಲಿನಲ್ಲಿ ಮತ್ತೆ ನೀರಿನ ಪ್ರಶ್ನೆಯೇ ಎದುರಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮುಂಬಯಿಯು ಬಾವಿಗಳನ್ನೂ ಕೆರೆಗಳನ್ನೂ ನಂಬಿ ಬದುಕುತ್ತಿದ್ದ, ದಿನೇದಿನೇ ಜನಸಂಖ್ಯೆ ಬೆಳೆಯುತ್ತಿದ್ದ, ಬೇಸಗೆ ಬಂತೆಂದರೆ ಬಾಯಾರಿ ಬಸವಳಿಯುತ್ತಿದ್ದ ಊರು. ಆಗ ಹೆನ್ರಿ ಕಾನಿಬೇರ್ ಎಂಬ ಇಂಜಿನಿಯರನು (ಕೊಲಾಬಾದ ಅಫ್ಘನ್ ಚರ್ಚನ್ನು ರೂಪಿಸಿದವನೂ ಇವನೇ) ಸಾಷ್ಟಿ ದ್ವೀಪದ ಬೆಟ್ಟಗಳ ನಡುವೆ ಮೀಠೀ ನದಿಯ ಕಣಿವೆಗೆ ಒಡ್ಡು ಹಾಕಿ ಸರೋವರವೊಂದನ್ನು ನಿರ್ಮಿಸಬಹುದೆಂದು ತೋರಿಸಿಕೊಟ್ಟನು. 1856ರಲ್ಲಿ ಆರಂಭವಾದ ಕೆಲಸವು 1860ರಲ್ಲಿ ಮುಗಿದು ವಿಹಾರ ಸರೋವರದ ನೀರು ಕೊಳವೆಯ ಮೂಲಕ ನಗರವನ್ನು ಪ್ರವೇಶಿಸಿತು. ಅದೂ ಸಾಲದಾದಾಗ ಅದರ ಮಗ್ಗುಲಲ್ಲೇ ತುಳಸಿ ಸರೋವರವು 1879ರಲ್ಲಿ ಸಿದ್ಧವಾಯಿತು. ಆ ನೀರಿನ ಕೊಳವೆ ಹಾದುಹೋದ, ಮಾಹಿಮಿನಿಂದ ಪರಳದ ಕಡೆಗೆ ರೈಲುದಾರಿಯ ಪಕ್ಕದಲ್ಲಿ ಸಾಗುವ ರಸ್ತೆಗೆ ಸೇನಾಪತಿ ಬಾಪಟರ ಹೆಸರನ್ನಿಟ್ಟು ಎಷ್ಟೋ ಕಾಲವಾದರೂ, ಮುಂಬಯಿಯ ಟ್ಯಾಕ್ಸಿಯವನು ಅದನ್ನು ಇಂದಿಗೂ ತುಳಸಿ ಪೈಪ್ ರೋಡೆಂದೇ ಕರೆಯುತ್ತಾನೆ.

ಕುಡಿಯುವ ನೀರು ನಿರ್ಮಲವಾಗಿರಬೇಕಾದರೆ ಅದು ಹರಿದು ಬರುವ ನೆಲವೂ ನಿರ್ಮಲವಾಗಿರಬೇಕು. ಆದುದರಿಂದ ಸರೋವರಗಳ ಜಲಾನಯನ ಪ್ರದೇಶವನ್ನು ಸ್ವಾಧೀನಕ್ಕೆ ತೆಗೆದುಕೊಂಡು, ಅಲ್ಲಿ ಉಳುವುದನ್ನೂ ಮನೆ ಕಟ್ಟುವುದನ್ನೂ ತಡೆದು, ಕಾಡನ್ನು ಕಾಡಾಗಿಯೇ ಬೆಳೆಯಬಿಡುವುದು ನೀರಿನ ಇಲಾಖೆಗೆ ಅನಿವಾರ್ಯವಾಯಿತು. ಈ ನಿರ್ಧಾರವನ್ನು ಮಾಡಿದವರ ಮನಸ್ಸಿನಲ್ಲಿ ವನಶ್ರೀಯಾಗಲಿ, ಮೃಗಪಕ್ಷಿಗಳಾಗಲಿ, ನಗರವಾಸಿಯ ವಿಹಾರವಾಗಲಿ ಇರಲಿಲ್ಲ, ವಿಷೂಚಿಯ ಭಯವೊಂದಿತ್ತು. ಆ ಭಯದ ಫಲವಾಗಿ, ಮುಂದೆ ಒಂದು ಕೋಟಿಗೂ ಮೀರಿದ ಜನ ಕಿಕ್ಕಿರಿಯಲಿದ್ದ ಮಹಾನಗರದ ನೆತ್ತಿಯಲ್ಲಿ, ಚಿರತೆಯು ತನ್ನಿಷ್ಟದಂತೆ ಅಡ್ಡಾಡತಕ್ಕ ಅರಣ್ಯವೊಂದು ಉಳಿದುಕೊಂಡಿತು.

ನಗರದೊಳಗೂ ನೀರಿನ ಇಲಾಖೆಯೇ ಉದ್ಯಾನಕಾರನಾಯಿತು. ಮಲಬಾರ್ ಹಿಲ್ಲಿನ ಶಿಖರದಲ್ಲಿ ಕಟ್ಟಿದ ಜಲಾಶಯವನ್ನು ತೆರೆದಿಡುವಂತಿರಲಿಲ್ಲ. ಸಮೀಪದಲ್ಲಿ ಪಾರಸಿಗಳು ಶವಗಳನ್ನು ಹದ್ದುಗಳಿಗೆ ಒಪ್ಪಿಸುವ ಮೌನಶಿಖರವಿದ್ದುದರಿಂದ ಹದ್ದುಗಳ ಕೊಕ್ಕಿನಿಂದ ಏನಾದರೂ ಜಾರಿ ನೀರಿಗೆ ಬಿದ್ದೀತೆಂಬ ಆತಂಕವೂ ಇತ್ತೆಂದು ಜನರು ಹೇಳಿಕೊಂಡು ಬಂದಿದ್ದಾರೆ. ಕಾರಣವೇನೇ ಇರಲಿ, ಜಲಾಶಯಕ್ಕೆ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಮಣ್ಣು ಹರಡಿ, ಮಣ್ಣಿನಲ್ಲಿ ಹೂಗಿಡಗಳನ್ನು ನೆಟ್ಟದ್ದರಿಂದ 1880ರ ದಶಕದಲ್ಲಿ ಹ್ಯಾಂಗಿಂಗ್ ಗಾರ್ಡನ್ ಹುಟ್ಟಿತು. ಮುಂದೆ ಅದಕ್ಕೆ ಸರ್ ಫಿರೋಜಶಹಾ ಮೆಹತಾರ ಹೆಸರಾಯಿತು. ಆನೆ, ಜಿಂಕೆಗಳ ಆಕಾರದಲ್ಲಿ ಕತ್ತರಿಸಿದ ಬೇಲಿಗಿಡಗಳ ನಡುವೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವವರಲ್ಲಿ ಎಷ್ಟು ಜನಕ್ಕೆ ತಮ್ಮ ಪಾದಗಳ ಕೆಳಗೆ ಕತ್ತಲಲ್ಲಿ ದಕ್ಷಿಣ ಮುಂಬಯಿಯ ಬಾಯಾರಿಕೆಯನ್ನು ನೀಗುವ ನೀರು ನಿಂತಿದೆಯೆಂಬುದು ಗೊತ್ತಿರುತ್ತದೋ ಹೇಳಲಾಗದು. ರಸ್ತೆಯ ಎದುರು ಬದಿಗೆ 1952ರಲ್ಲಿ ಕಮಲಾ ನೆಹರೂ ಉದ್ಯಾನವನ್ನು ನಿರ್ಮಿಸಿದ್ದೂ ನಗರಪಾಲಿಕೆಯ ಜಲ ಇಂಜಿನಿಯರರ ವಿಭಾಗವೇ. ಮಕ್ಕಳ ಪದ್ಯದ ಮುದುಕಿಯೊಬ್ಬಳು ವಾಸಿಸುತ್ತಿದ್ದ ಬೂಟನ್ನು ಮನೆಯಷ್ಟು ದೊಡ್ಡದಾಗಿ ಅಲ್ಲಿ ಕಟ್ಟಿದ ಕಲ್ಪನೆಯು ಆ ವಿಭಾಗದ ಸೋಲಿ ಆರ್ಸೀವಾಲಾ ಎಂಬ ತರುಣ ಇಂಜಿನಿಯರರದು. ಕೊಳವೆ ಕವಾಟಗಳ ಲೆಕ್ಕದಲ್ಲಿ ಮುಳುಗಿದ ಕಚೇರಿಯೊಂದು ಹೀಗೆ ಎರಡು ತಲೆಮಾರಿನ ಮಕ್ಕಳಿಗೆ ಬಾಲ್ಯದ ನೆನಪೊಂದನ್ನು ಒದಗಿಸಿತು.

ಕೇವಲ ಆನಂದಕ್ಕಾಗಿ ಹುಟ್ಟಿದ ಉದ್ಯಾನವು ಇರಲಿಲ್ಲವೆ ಎಂದರೆ, ರಾಣಿಬಾಗು ಅಂತಹುದಕ್ಕೆ ಸಮೀಪವಾದದ್ದು. ಕೃಷಿ ಮತ್ತು ಉದ್ಯಾನವಿದ್ಯೆಗೆ ಮೀಸಲಾದ ಸಂಘವೊಂದು 1862ರಲ್ಲಿ ಅದನ್ನು ಜನರಿಗೆ ತೆರೆಯಿತು. ಹನ್ನೊಂದು ವರ್ಷಗಳಲ್ಲಿಯೇ ಸಂಘದ ಕೈಯಿಂದ ಅದು ಜಾರಿ 1873ರಲ್ಲಿ ನಗರಸಭೆಯ ಪಾಲಿಗೆ ಬಂತು. ಘಾರಾಪುರಿಯ ಕಲ್ಲಾನೆಯು ಕುಸಿದು ಚೂರಾಗಿ, ಆ ಚೂರುಗಳು 1864ರಲ್ಲಿ ಇಲ್ಲಿಗೆ ಬಂದು, ಮುಂದೆ ಮತ್ತೆ ಜೋಡಣೆಗೊಂಡು ನಿಂತ ಕಥೆಯನ್ನೂ ಈ ತೋಟವೇ ಹೇಳುತ್ತದೆ. ಸದುದ್ದೇಶವೊಂದರ ಬಲದಿಂದಲೇ ಉದ್ಯಾನಗಳು ಉಳಿಯುವುದಿಲ್ಲ, ಖರ್ಚನ್ನು ಹೊರತಕ್ಕ ಒಡೆಯನು ಬೇಕು ಎಂಬ ಪಾಠವು ಮುಂಬಯಿಗೆ ಇಲ್ಲಿಯೇ ದೊರೆಯಿತು.

ಈ ಸಂದರ್ಭದಲ್ಲಿ ಕನ್ನಡನಾಡಿನ ಒಂದು ಸಂಬಂಧವನ್ನು ನೆನೆಯದೆ ಮುಂದುವರಿಯಲಾಗದು. 1956ರ ರಾಜ್ಯಪುನರ್ವಿಂಗಡಣೆಯ ತನಕ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಸರಕಾರದ ಆಡಳಿತದಲ್ಲಿದ್ದವು. ಆದುದರಿಂದ ಬೋರಿವಲಿಯ ಕಾಡನ್ನು ಕಾಯುತ್ತಿದ್ದ ಇಲಾಖೆಯೇ ದಾಂಡೇಲಿ, ಯಲ್ಲಾಪುರಗಳ ಸಾಗವಾನಿಯನ್ನೂ ಕಾಯುತ್ತಿತ್ತು. ಜೋಗದ ಜಲಪಾತದಲ್ಲಂತೂ ಶರಾವತಿಯ ಒಂದು ದಡ ಮೈಸೂರು ಸಂಸ್ಥಾನದ್ದು, ಇನ್ನೊಂದು ದಡ ಮುಂಬಯಿಯವರದು. ಎರಡು ಸರಕಾರಗಳೂ ತಂತಮ್ಮ ದಡದಲ್ಲಿ ಪ್ರವಾಸಿ ಬಂಗಲೆಗಳನ್ನು ಕಟ್ಟಿಸಿ, ಒಂದೇ ಧಾರೆಯನ್ನು ಎರಡು ಕಡೆಯಿಂದ ತೋರಿಸುತ್ತಿದ್ದವು. 1950ರಲ್ಲಿ ಮುಂಬಯಿ ವಿಧಾನಮಂಡಲವು ರಾಷ್ಟ್ರೀಯ ಉದ್ಯಾನಗಳ ಕಾಯಿದೆಯನ್ನು ಅಂಗೀಕರಿಸಿದಾಗ ಅದು ಸಾಷ್ಟಿಯ ಬೆಟ್ಟಗಳಿಗೆ ಹೇಗೋ ಸಹ್ಯಾದ್ರಿಯ ಕನ್ನಡ ಭಾಗಕ್ಕೂ ಹಾಗೆಯೇ ಅನ್ವಯಿಸುತ್ತಿತ್ತು. ಆ ಕಾಯಿದೆಯ ಮೇರೆಗೆ ಕಾನ್ಹೇರಿಯ ಸುತ್ತಣ ಸುಮಾರು 20 ಚದರ ಕಿಲೋಮೀಟರು ಅರಣ್ಯವು ಕೃಷ್ಣಗಿರಿಯ ರಾಷ್ಟ್ರೀಯ ಉದ್ಯಾನವೆನಿಸಿತು.

ಅದೇ ಕಾಲಕ್ಕೆ ಆ ಬೆಟ್ಟಗಳ ದಕ್ಷಿಣದ ಮಗ್ಗುಲಲ್ಲಿ ಮತ್ತೊಂದು ಇಲಾಖೆಯು ಮತ್ತೊಂದು ಕಾರಣಕ್ಕಾಗಿ ಗಿಡ ನೆಡುತ್ತಿತ್ತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಮುಂಬಯಿಯ ಹಾಲಿನ ಸ್ಥಿತಿಯು ಹೇಳತೀರದಷ್ಟು ಹದಗೆಟ್ಟಿತ್ತು. ನಗರದ ಇಕ್ಕಟ್ಟಾದ ಓಣಿಗಳೊಳಗಿನ ತಬೇಲಾಗಳಲ್ಲಿ ಕಟ್ಟಿದ ಎಮ್ಮೆಗಳು ಕರುವನ್ನು ಉಳಿಸಿಕೊಳ್ಳುವಂತಿರಲಿಲ್ಲ. ಹಾಲು ಬತ್ತಿದೊಡನೆ, ಮತ್ತೆ ಗಬ್ಬವಾಗುವ ತನಕ ಮೇವು ಹಾಕಿ ಸಾಕುವುದು ಗೌಳಿಗನಿಗೆ ಗಿಟ್ಟದೆ, ಒಳ್ಳೆಯ ತಳಿಯ ಎಮ್ಮೆಗಳು ಕಟುಕನ ಪಾಲಾಗುತ್ತಿದ್ದವು. ಹಾಲಿಗೆ ನೀರು ಬೆರೆಯುತ್ತಿದ್ದ ಸಂಗತಿಯನ್ನು ಹೇಳುವುದೇ ಬೇಡ. ಮುಂಬಯಿ ಸರಕಾರದ ಹಾಲಿನ ಕಮಿಶನರರಾಗಿದ್ದ ದಾರಾ ಖುರೋಡಿಯವರು ಇದಕ್ಕೆ ಕಂಡುಹಿಡಿದ ಪರಿಹಾರವೇ ತಬೇಲಾಗಳನ್ನು ಊರ ಹೊರಗೆ ಒಯ್ಯುವುದು. ಗೋರೆಗಾಂವಿನ ಪೂರ್ವಕ್ಕೆ 3,000 ಎಕರೆಗೂ ಹೆಚ್ಚಿನ ಭೂಮಿಯಲ್ಲಿ 1949ರಲ್ಲಿ ಆರೇ ಹಾಲಿನ ವಸಾಹತು ನೆಲೆಗೊಂಡಿತು. 1951ರ ಮಾರ್ಚಿನಲ್ಲಿ ಪ್ರಧಾನಿ ನೆಹರೂ ಅವರು ಬಂದು ಅದನ್ನು ಉದ್ಘಾಟಿಸಿ ಸಸಿಯೊಂದನ್ನು ನೆಟ್ಟರು.

ಆರೇಯ ವ್ಯವಸ್ಥೆಯನ್ನು ತುಸು ಹತ್ತಿರದಿಂದ ನೋಡುವುದು ಉಚಿತ. ಎಮ್ಮೆಗಳು ಗೌಳಿಗರವೇ, ಕೊಟ್ಟಿಗೆಯೂ ಮೇವೂ ಪಶುವೈದ್ಯನೂ ಸರಕಾರದವು. ಕರೆದ ಹಾಲನ್ನು ಸರಕಾರವೇ ಕೊಂಡು, ಕಾಸಿ ತಣಿಸಿ ಸೀಸೆಗಳಲ್ಲಿ ತುಂಬಿಸಿ, ನಸುಕಿನಲ್ಲಿ ನಗರದ ಬೂತುಗಳಿಗೆ ಕಳುಹಿಸುತ್ತಿತ್ತು. ಮೂವತ್ತಕ್ಕೂ ಮಿಕ್ಕಿದ ಘಟಕಗಳಲ್ಲಿ ಸುಮಾರು 16,000 ಜಾನುವಾರುಗಳು. ಕೊಟ್ಟಿಗೆಯನ್ನು ತೊಳೆದ ನೀರು ಹಾಗೆಯೇ ಹರಿದು ಹೋಗದೆ ಹುಲ್ಲುಗಾವಲಿಗೆ ಹಾಯುತ್ತಿತ್ತು. ಅಲ್ಲಿ ಬೆಳೆದ ಹುಲ್ಲು ಮತ್ತೆ ಎಮ್ಮೆಯ ಮುಂದಕ್ಕೆ ಬರುತ್ತಿತ್ತು. ಸಗಣಿಯ ನಾತವನ್ನು ನಿರೀಕ್ಷಿಸಿ ಮೂಗಿಗೆ ಕರವಸ್ತ್ರ ಹಿಡಿದು ಬಂದವರು ಸಾಲುಮರದ ರಸ್ತೆಗಳನ್ನೂ ಹೂವಿನ ಪಾತಿಗಳನ್ನೂ ಗುಡ್ಡದ ತುದಿಯ ಮಂಟಪವನ್ನೂ ಕಂಡು ಬೆರಗಾಗುತ್ತಿದ್ದರು. ಕೆರೆಯೊಂದರಲ್ಲಿ ದೋಣಿಗಳನ್ನು ಬಿಟ್ಟು, ದಂಡೆಯಲ್ಲಿ ತೋಟ ಬೆಳೆಸಿದ ಮೇಲೆ ಅದಕ್ಕೆ ಛೋಟಾ ಕಾಶ್ಮೀರವೆಂಬ ಹೆಸರು ಬಿತ್ತು. ಇನ್ನೊಂದು ತಿರುವಿನ ಹೆಸರು ಪಿಕ್ನಿಕ್ ಪಾಯಿಂಟ್ ಎಂದಾಗಿ ಬಸ್ಸಿನ ನಿಲ್ದಾಣವೂ ಅದೇ ಹೆಸರನ್ನು ತಾಳಿತು. ಬಿಮಲ್ ರಾಯ್ ಅವರ 1958ರ ‘ಮಧುಮತಿ’ಯ ಕೆಲವು ದೃಶ್ಯಗಳು ಚಿತ್ರಿತವಾದದ್ದೂ ಇಲ್ಲಿಯೇ. ಖುರೋಡಿಯವರಿಗೆ 1963ರಲ್ಲಿ ತ್ರಿಭುವನದಾಸ ಪಟೇಲ್ ಮತ್ತು ವರ್ಗೀಸ್ ಕುರಿಯನ್ ಅವರೊಡನೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆತದ್ದು ಹಾಲಿಗಾಗಿ, ತೋಟಕ್ಕಾಗಿ ಅಲ್ಲ. ಆದರೂ ಮುಂಬಯಿಯ ಸಾಮಾನ್ಯನ ಸ್ಮೃತಿಯಲ್ಲಿ ಉಳಿದದ್ದು ಹಾಲಿನ ಸೀಸೆಯಷ್ಟೇ ಆ ತೋಟವೂ ಹೌದು.

ಇತ್ತ ಅರಣ್ಯ ಇಲಾಖೆಯು ಕೃಷ್ಣಗಿರಿಯ ಉದ್ಯಾನವನ್ನು 1960ರ ದಶಕದ ಕೊನೆಯಲ್ಲಿ ಸುತ್ತಣ ಕಾಯ್ದಿಟ್ಟ ಕಾಡುಗಳನ್ನು ಕೂಡಿಸಿ ವಿಸ್ತರಿಸಿತು. ಅದು ಬೋರಿವಲಿ ನ್ಯಾಶನಲ್ ಪಾರ್ಕೆನಿಸಿ, 1980ರ ದಶಕದಲ್ಲಿ ಸಂಜಯ ಗಾಂಧಿಯವರ ಹೆಸರನ್ನು ಪಡೆದು, ಇಂದು ಸುಮಾರು 104 ಚದರ ಕಿಲೋಮೀಟರು ವ್ಯಾಪಿಸಿದೆ. ವಿಹಾರ ತುಳಸಿಗಳೆರಡೂ ಅದರ ಗರ್ಭದಲ್ಲಿವೆ. ಮೇಲೆ ಹೇಳಿದ ಸ್ಥಳಗಳ ಪೈಕಿ ಪ್ರವಾಸಿಗಾಗಿಯೇ ಯೋಜಿಸಿದ ಭಾಗವೆಂದರೆ ಈ ಪಾರ್ಕಿನ ಹೆಬ್ಬಾಗಿಲ ಬಳಿಯ ಕೃಷ್ಣಗಿರಿ ಉಪವನ. ಗಾಂಧೀ ಸ್ಮಾರಕದ ಗುಡ್ಡ, ವನರಾಣಿಯೆಂಬ ಪುಟ್ಟ ರೈಲು, ಸಿಂಹಗಳ ಸಫಾರಿ ಇವೆಲ್ಲ ಅಲ್ಲಿ ಒಂದೆಡೆ ಕೂಡಿವೆ. ಜನಜಂಗುಳಿಯನ್ನು ಈ ಅಂಚಿನಲ್ಲಿಯೇ ತಡೆದು, ಒಳಗಿನ ಜಲಾನಯನವನ್ನು ಮುಚ್ಚಿಟ್ಟದ್ದು ಅರಣ್ಯಾಧಿಕಾರಿಗಳ ಜಾಣ್ಮೆಯೆಂದೇ ಹೇಳಬೇಕು.

ಆದರೆ ಇಲಾಖೆಗಳ ಕಾವಲಿಗೆ ಇನ್ನೊಂದು ಮುಖವೂ ಉಂಟು. ಸರೋವರಗಳಿಗಾಗಿ, ಹಾಲಿಗಾಗಿ, ಉದ್ಯಾನಕ್ಕಾಗಿ ಗೆರೆ ಎಳೆದಾಗಲೆಲ್ಲ ಆ ಗೆರೆಯ ಒಳಗೆ ಸಿಕ್ಕಿಬಿದ್ದವರು ಇದ್ದರು. ಬೋರಿವಲಿಯ ಕಾಡಿನಲ್ಲೂ ಆರೇಯಲ್ಲೂ ವಾರಲಿ ಮೊದಲಾದ ಆದಿವಾಸಿಗಳ ಪಾಡಾಗಳು ಇಲಾಖೆಗಳಿಗಿಂತ ಹಿಂದಿನವು. ಬೇಸಗೆಯಲ್ಲಿ ಕಾನ್ಹೇರಿಯ ದಾರಿಯ ಬದಿಯಲ್ಲಿ ಎಲೆಯ ದೊನ್ನೆಯೊಳಗೆ ಕವಳಿಹಣ್ಣನ್ನು ಮಾರುತ್ತ ಕೂತಿರುವ ಹೆಂಗಸು ಅತಿಕ್ರಮಣಕಾರಳೋ, ಆ ನೆಲದ ಮೂಲವಾಸಿಯೋ ಎಂಬ ಪ್ರಶ್ನೆಗೆ ಸರಕಾರಿ ಕಾಗದಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿವೆ. 1997ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಪಾರ್ಕಿನೊಳಗಿನ ಅತಿಕ್ರಮಣಗಳನ್ನು ತೆರವುಗೊಳಿಸುವಂತೆ ಆಜ್ಞಾಪಿಸಿದ ಮೇಲೆ ಸಹಸ್ರಾರು ಗುಡಿಸಲುಗಳು ಕಿತ್ತುಹೋದವು. ಕಾಡಿಗೆ ಅದರಿಂದ ಉಸಿರು ಬಂದದ್ದು ನಿಜ, ಹಲವು ಸಂಸಾರಗಳು ಬೀದಿಗೆ ಬಿದ್ದದ್ದೂ ನಿಜ.

ಪ್ರವಾಸೋದ್ಯಮಕ್ಕೆಂದೇ ಮಹಾರಾಷ್ಟ್ರದಲ್ಲಿ ನಿಗಮವೊಂದು ಸ್ಥಾಪನೆಯಾದದ್ದು 1975ರ ಜನವರಿಯಲ್ಲಿ. ಅದು ಹುಟ್ಟುವಷ್ಟರಲ್ಲಿ ಮುಂಬಯಿಯ ರಮ್ಯಸ್ಥಳಗಳಿಗೆಲ್ಲ ಒಡೆಯರಾಗಿ ಹೋಗಿದ್ದರು. ಇಂದಿಗೂ ಕಾನ್ಹೇರಿಗೆ ಹೋಗುವವನು ಬೋರಿವಲಿಯ ಹೆಬ್ಬಾಗಿಲಲ್ಲಿ ಅರಣ್ಯ ಇಲಾಖೆಗೆ ಒಂದು ಟಿಕೆಟಿನ ಹಣ ತೆತ್ತು, ಕಾಡಿನ ದಾರಿಯನ್ನು ಕ್ರಮಿಸಿ ಗುಹೆಗಳ ಬುಡಕ್ಕೆ ಬಂದಾಗ ಪುರಾತತ್ತ್ವ ಇಲಾಖೆಯ ಕಿಂಡಿಯಲ್ಲಿ ಮತ್ತೊಂದು ಟಿಕೆಟನ್ನು ಕೊಳ್ಳುತ್ತಾನೆ. ಘಾರಾಪುರಿಯಲ್ಲಿಯೂ ಅಷ್ಟೇ: ದೋಣಿಯ ಬಾಡಿಗೆ ಬೇರೆ, ಗ್ರಾಮಪಂಚಾಯತಿಯ ಕರ ಬೇರೆ, ಗುಹೆಯ ಪ್ರವೇಶಶುಲ್ಕ ಬೇರೆ. ಇದನ್ನು ಕಂಡು ಬೇಸತ್ತು, ಇವೆಲ್ಲವನ್ನೂ ಒಂದೇ ಪ್ರವಾಸ ಇಲಾಖೆಯ ಕೈಗೆ ಒಪ್ಪಿಸಬಾರದೇಕೆ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ಉತ್ತರವನ್ನು ಪವಯಿಯ ಸರೋವರದ ದಂಡೆಯಲ್ಲಿ ಹುಡುಕಬೇಕು.

ನೀರಿನ ಅಭಾವಕ್ಕೆ ಅವಸರದ ಪರಿಹಾರವಾಗಿ ಪವಯಿ ಸರೋವರವನ್ನು ಕಟ್ಟಿದ್ದು 1890ರ ಸುಮಾರಿಗೆ. ಅದರ ನೀರು ಕುಡಿಯಲು ಯೋಗ್ಯವಾಗಲಿಲ್ಲ; 1892ರಲ್ಲಿ ತಾನಸಾದ ನೀರು ನಗರಕ್ಕೆ ಬಂದುದರಿಂದ ಅದರ ಅಗತ್ಯವೂ ಉಳಿಯಲಿಲ್ಲ. ಕಾರಖಾನೆಗಳಿಗೂ ಆರೇಯ ಕೊಟ್ಟಿಗೆಗಳಿಗೂ ನೀರು ಒದಗಿಸುವುದಷ್ಟೇ ಅದರ ಪಾಲಿಗೆ ಬಂತು. ವಿಹಾರ, ತುಳಸಿ, ಪವಯಿ ಒಂದೇ ಬೆಟ್ಟಸಾಲಿನ ಮೂರು ಸರೋವರಗಳು. ಸೌಂದರ್ಯದಲ್ಲಿ ಒಂದಕ್ಕೊಂದು ಕಡಿಮೆಯಾದವುಗಳಲ್ಲ. ಆದರೆ ಜನರು ಕುಡಿಯುವ ನೀರಿನ ಎರಡು ಸರೋವರಗಳ ಸುತ್ತ ಇಂದಿಗೂ ಕಾಡಿದೆ. ಕುಡಿಯಲಾಗದ ನೀರಿನ ಮೂರನೆಯದರ ಸುತ್ತ ಗಗನಚುಂಬಿ ಕಟ್ಟಡಗಳಿವೆ. ಇತ್ತೀಚೆಗೆ ಅದರ ದಂಡೆಯಲ್ಲಿ ವಿಹಾರಾರ್ಥಿಗಳಿಗೆಂದು ನಗರಪಾಲಿಕೆಯು ಸೈಕಲ್ ಪಥವೊಂದನ್ನು ಹಾಕತೊಡಗಿತು. 2022ರ ಮೇ ತಿಂಗಳಲ್ಲಿ ಉಚ್ಚ ನ್ಯಾಯಾಲಯವು ಅದು ನಿಯಮಬಾಹಿರವೆಂದು ತೀರ್ಪಿತ್ತು, ಹಾಕಿದ್ದನ್ನು ಕೀಳಬೇಕೆಂದು ವಿಧಿಸಿತು. ನೋಟವನ್ನು ಸವಿಯಲೆಂದು ಕೈಗೊಂಡ ಕೆಲಸವೇ ಸರೋವರದ ಅಂಚನ್ನು ಒತ್ತುವಂತಾಗಿತ್ತು.

ಆರೇಯ ಕಥೆಯೂ ಇದೇ ಮಾತನ್ನು ಹೇಳುತ್ತದೆ. ನಗರದ ಹಾಲು ದೂರದ ಜಿಲ್ಲೆಗಳಿಂದಲೂ ಗುಜರಾತಿನಿಂದಲೂ ಬರತೊಡಗಿ, ವಸಾಹತಿನ ಕೊಟ್ಟಿಗೆಗಳ ಮಹತ್ತ್ವ ಕುಗ್ಗುತ್ತ ಬಂದ ಹಾಗೆ, ಆ ಭೂಮಿಯು ಒಂದೊಂದು ತುಂಡಾಗಿ ಬೇರೆ ಬೇರೆ ಕೆಲಸಗಳಿಗೆ ಹಂಚಿಹೋಗತೊಡಗಿತು. 2019ರ ಅಕ್ಟೋಬರಿನ ಒಂದು ರಾತ್ರಿ ಮೆಟ್ರೋ ರೈಲಿನ ಡಿಪೋಗಾಗಿ ಅಲ್ಲಿ ಮರಗಳನ್ನು ಉರುಳಿಸಲಾರಂಭಿಸಿದಾಗ ಮುಂಬಯಿಯ ತರುಣರು ಬೀದಿಗಿಳಿದರು. ಎರಡು ಸಾವಿರಕ್ಕೂ ಹೆಚ್ಚು ಮರಗಳು ನೆಲಕ್ಕುರುಳಿದ ಮೇಲೆ ಸರ್ವೋಚ್ಚ ನ್ಯಾಯಾಲಯವು ಕಡಿತವನ್ನು ತಡೆಯಿತು. ಮುಂದೆ ಸರಕಾರವು ಆರೇಯ 812 ಎಕರೆಯನ್ನು ಕಾಯ್ದಿಟ್ಟ ಅರಣ್ಯವಾಗಿಸಲೆಂದು ಅರಣ್ಯ ಇಲಾಖೆಗೆ ಒಪ್ಪಿಸಿತು. ಹಾಲಿನ ಇಲಾಖೆಯ ಕರ್ತವ್ಯ ತೀರಿದ ಕಡೆ ಅರಣ್ಯ ಇಲಾಖೆಯ ಕರ್ತವ್ಯವನ್ನು ನೆಟ್ಟ ಈ ಕ್ರಮವು ತಡವಾಗಿ ಬಂದರೂ ದಿಕ್ಕಿನಲ್ಲಿ ತಪ್ಪಿದ್ದಲ್ಲ.

ಹಾಗಾದರೆ ಪ್ರವಾಸ ಇಲಾಖೆಗೆ ಕೆಲಸವೇ ಇಲ್ಲವೆ? ಖಂಡಿತವಾಗಿಯೂ ಉಂಟು. ಎರಡು ಟಿಕೆಟುಗಳನ್ನು ಒಂದೇ ಕಿಂಡಿಯಲ್ಲಿ ದೊರಕಿಸುವುದು, ಕುಡಿಯುವ ನೀರು ಶೌಚಾಲಯಗಳನ್ನು ಚೊಕ್ಕಟವಾಗಿಡುವುದು, ಕಾನ್ಹೇರಿಯ ಶಾಸನಗಳ ತಾತ್ಪರ್ಯವನ್ನು ಮರಾಠಿ, ಕನ್ನಡ ಮೊದಲಾದ ಭಾಷೆಗಳಲ್ಲಿ ಬರೆಸಿ ನಿಲ್ಲಿಸುವುದು, ಪಾಡಾಗಳ ಜನರಿಗೆ ಮಾರ್ಗದರ್ಶಕರ ಉದ್ಯೋಗವನ್ನು ಕೊಡುವುದು ಇವೆಲ್ಲ ಅದರ ಕೈಯಿಂದಲೇ ಆಗತಕ್ಕವು. ಆದರೆ ಸ್ಥಳದ ಯಜಮಾನಿಕೆಯು ನೋಟದ ಲಾಭವನ್ನು ಎಣಿಸುವವನ ಕೈಯಲ್ಲಿರದೆ, ಆ ನೆಲದಿಂದ ನಾಡಿಗೆ ನಿತ್ಯವೂ ಏನಾದರೊಂದು ಅವಶ್ಯವಸ್ತುವನ್ನು ಒದಗಿಸುವ ಹೊಣೆ ಹೊತ್ತವನ ಕೈಯಲ್ಲಿರುವುದೇ ಕ್ಷೇಮ. ಮುಂಬಯಿಯಂತಹ ಊರಿನಲ್ಲಿ ‘ಇದು ಚೆಲುವಾಗಿದೆ, ಆದುದರಿಂದ ಉಳಿಯಲಿ’ ಎಂಬ ವಾದಕ್ಕೆ ಗೆಲುವು ಅಪರೂಪ. ‘ಇದನ್ನು ಮುಟ್ಟಿದರೆ ನಲ್ಲಿಯಲ್ಲಿ ನೀರು ಬಾರದು’ ಎಂಬ ವಾದವು ನೂರೈವತ್ತು ವರ್ಷಗಳಿಂದ ಸೋತಿಲ್ಲ. ಇನ್ನು ಮುಂದೆ ಯಾವುದಾದರೊಂದು ಬೆಟ್ಟವನ್ನೋ ಕೊಳವನ್ನೋ ವಿಹಾರಧಾಮವೆಂದು ಘೋಷಿಸಹೊರಟ ಅಧಿಕಾರಿಯು, ಅಲ್ಲಿಗೆ ಎಷ್ಟು ಜನ ಬಂದಾರು ಎಂಬ ಲೆಕ್ಕವನ್ನು ಬರೆಯುವ ಮುನ್ನ, ಒಬ್ಬರೂ ಬಾರದಿದ್ದರೂ ಆ ನೆಲವು ನಗರಕ್ಕೆ ಮಾಡುತ್ತಿರುವ ಉಪಕಾರವೇನು ಎಂಬುದನ್ನು ಮೊದಲ ಪುಟದಲ್ಲಿ ಬರೆದಿಡುವುದು ಒಳಿತು.